ಗಲ್ಲಿಗೆ ಮೊದಲು ಬಂದದ್ದು

ಗಲ್ಲಿಯ ಮಕ್ಕಳು ಅವಳನ್ನು ಕಡ್ಡಿ ಅಕ್ಕ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಜನರ ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆಯುವುದು ಅವಳ ಕೆಲಸ. ಆಳೂ ಕಡ್ಡಿಯಷ್ಟೇ ಸಣ್ಣ.

ಆಗ ದೇಶದಲ್ಲಿ ಒಂದೇ ವೈರಸ್ಸಿನ ಎರಡು ತಳಿಗಳು ಓಡಾಡುತ್ತಿದ್ದವು. ಹಳೆಯದು ಒಂದು ಮನೆ ಹೊಗುವಷ್ಟರಲ್ಲಿ ಹೊಸದು ಬೀದಿಯನ್ನೇ ಸುತ್ತಿ ಬರುತ್ತಿತ್ತು. ಹೀಗೆಯೇ ಹಳೆಯದರ ಜಾಗವನ್ನೆಲ್ಲ ಅದು ಹಿಡಿಯುತ್ತ ಹೋಯಿತು.

ಲಾರಿ ಓಡಿಸುವ ಅವಳ ತಮ್ಮ ದೂರದ ಊರಿನಿಂದ ಬಂದವನೇ ಜ್ವರ ಹಿಡಿದು ಮಲಗಿದ. ಅದರ ಹಿಂದೆಯೇ ಗಲ್ಲಿಯಲ್ಲಿ ಮನೆಗೊಬ್ಬರು ಹಾಸಿಗೆ ಹಿಡಿದರು.

"ಹೊಸದನ್ನ ಹೊತ್ಕೊಂಡು ಬಂದಿದ್ದೇ ಇವನು. ಬಾಡಿಗೆ ಇಲ್ದೆ ತಂದ ಲೋಡು!" ಎಂದಳು ಎದುರುಮನೆ ಟೈಲರನ ಹೆಂಡತಿ.

ಜನ ನಕ್ಕರು. ತಮ್ಮ ಹುಷಾರಾದ ಮೇಲೆ ಗಲ್ಲಿಯ ಆಚೆ ನಿಲ್ಲಿಸಿದ ಲಾರಿಯಲ್ಲೇ ಮಲಗತೊಡಗಿದ.

"ಈ ಸಲ ಹೋದ್ರೆ ವಾಪಸ್ ಬರಲ್ಲ ಅಕ್ಕಾ."

"ಬಾಯಿ ಮುಚ್ಕೊಂಡು ಊಟ ಮಾಡು."

ತಳಿ ಯಾವುದೆಂದು ನೋಡುವ ದೊಡ್ಡ ಪ್ರಯೋಗಾಲಯಕ್ಕೆ ಪ್ರಯಾಣ ಮಾಡಿ ಬಂದವರ ಮಾದರಿಗಳನ್ನಷ್ಟೇ ಆಸ್ಪತ್ರೆ ಕಳಿಸುತ್ತಿತ್ತು. ಹೊಸದು ಹೊರಗಿನಿಂದಲೇ ಬರಬೇಕೆಂದು ಎಲ್ಲರೂ ನಂಬಿದ್ದರು. ಅವಳೂ ಹಾಗೆಯೇ ಆರಿಸುತ್ತ ಬಂದಿದ್ದಳು. ತಮ್ಮನ ಮಾದರಿಯ ಕೊಳವೆಯನ್ನು ಕಳಿಸುವ ಪೆಟ್ಟಿಗೆಯಲ್ಲಿ ಇಡುವಾಗ ಮಾತ್ರ ಕೈ ತಡೆಯಿತು. ನೇರ ಡಾಕ್ಟರಮ್ಮನ ಬಳಿ ಹೋದಳು.

"ಮೇಡಂ, ಎಲ್ಲಿಗೂ ಹೋಗದವರದ್ದೂ ಕಳಿಸೋಣ. ನನ್ನ ತಮ್ಮ ಬರೋಕೆ ಮುಂಚೆ ನಮ್ಮ ಗಲ್ಲೀಲಿ ತೆಗೆದದ್ದು ಫ್ರೀಜರಲ್ಲಿದೆ."

"ತಮ್ಮನಿಗೋಸ್ಕರನಾ?"

"ಹೌದು. ಅವನೇ ತಂದಿದ್ದು ಅಂತಾದ್ರೆ ಅದನ್ನೂ ನಾನೇ ಗಲ್ಲೀಲಿ ಹೇಳ್ತೀನಿ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಇಷ್ಟು ದಿನ ಬಾಗಿಲು ಕಾಯ್ತಾ ನಿಂತಿದ್ದೀವಿ, ಒಳಗೆ ನೋಡೇ ಇಲ್ಲ. ಅದನ್ನೂ ಪೆಟ್ಟಿಗೆಗೆ ಹಾಕಮ್ಮ. ಆದ್ರೆ ಯಾರ ಹೆಸರೂ ಹೊರಗೆ ಹೋಗಬಾರದು."

ಫಲಿತಾಂಶ ಬಂತು. ತಮ್ಮನದು ಹಳೆಯ ತಳಿ. ಅವನು ಬರುವ ಮೊದಲೇ, ಹೊಲಿಗೆ ಯಂತ್ರ ಬಿಟ್ಟು ಎಲ್ಲಿಗೂ ಹೋಗದ ಟೈಲರನ ಮೂಗಿನಲ್ಲಿ ಹೊಸದಿತ್ತು.

ಸಂಜೆ ಅವಳು ಗಲ್ಲಿಯ ನಡುವೆ ನಿಂತು ಹೇಳಿದಳು: "ನನ್ನ ತಮ್ಮನಿಗೆ ಬಂದಿದ್ದು ಹಳೇದು. ಅವನು ಬರೋಕೆ ಮುಂಚೇನೇ ಹೊಸದು ಇಲ್ಲಿತ್ತು."

"ಯಾರ ಮನೇಲಿತ್ತಂತೆ, ಹೇಳು ನೋಡೋಣ?" ಟೈಲರನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

ಹೆಸರು ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿಕೊಂಡಳು. "ಹೇಳೋ ಹಾಗಿಲ್ಲ."

"ಹೇಳೋಕೆ ಇದ್ರೆ ತಾನೆ!"

ಒಳಗೆ ಹೊಲಿಗೆ ಯಂತ್ರ ನಿಂತಿತು. "ಲೇ, ಸುಮ್ನಿರೆ," ಎಂದ ಟೈಲರ. "ಅವನ ಲಾರಿ ಬರೋಕೆ ಮುಂಚೆ ಕೆಮ್ತಿದ್ದವನು ಈ ಗಲ್ಲೀಲಿ ನಾನೊಬ್ಬನೇ ಅಲ್ವೇನೆ?"

ಯಾರೂ ಕ್ಷಮೆ ಕೇಳಲಿಲ್ಲ. ಅವಳು ಕಾಯಲೂ ಇಲ್ಲ. ಲಾರಿಯ ಬಾಗಿಲು ತಟ್ಟಿದಳು.

"ಇಳಿ."

"ಒಪ್ಪಿದ್ರಾ?"

"ಒಪ್ಪಲಿ, ಬಿಡಲಿ. ಮನೆ ನಮ್ದು, ಇಳಿ."

ತಮ್ಮ ಗೋಡೆಯ ಪಕ್ಕಕ್ಕೆ ಸರಿದು ನಡೆಯಹೊರಟ. ಅವಳು ತೋಳು ಹಿಡಿದು ಅವನನ್ನು ಗಲ್ಲಿಯ ನಡುವಿಗೆ ಎಳೆದುಕೊಂಡಳು.