ಆರಲ್ಲ, ಹತ್ತೊಂಬತ್ತು ನಿಮಿಷ

ಮುರಿದ ಕೊಕ್ಕೆಯನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಟ್ರ್ಯಾಕ್ಟರಿಗೆ ಟ್ರೇಲರನ್ನು ಸಿಕ್ಕಿಸುವ ಕಬ್ಬಿಣದ ಕೊಕ್ಕೆ. ನಾನು ಕೆಲಸ ಮಾಡುವ ಕುರಿಚಿಯ ಫೌಂಡ್ರಿಯಲ್ಲೇ ಎರಕವಾದದ್ದು. ತಿರುಪ್ಪೂರಿನ ಕಡೆ ಟ್ರೇಲರ್ ಮಾಡುವವರು ಹೊಸ ಗಾಡಿಯನ್ನು ತಮ್ಮ ಅಂಗಳದಲ್ಲಿ ಓಡಿಸಿ ನೋಡುವಾಗ ಅದು ಎರಡು ತುಂಡಾಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಮುರಿದ ಜಾಗ ಬಿಸ್ಕತ್ತು ಮುರಿದ ಹಾಗೆ ನೇರವಾಗಿತ್ತು. ಒಳ್ಳೆಯ ಎರಕ ಮೊದಲು ಬಾಗುತ್ತದೆ, ಹೀಗೆ ಪಟ್ಟನೆ ಮುರಿಯುವುದಿಲ್ಲ.

ಅವರ ಪ್ರಶ್ನೆ ಒಂದೇ. ಕಳೆದ ಮೂರು ತಿಂಗಳಲ್ಲಿ ನೀವು ಕಳಿಸಿದ ಕೊಕ್ಕೆಗಳಲ್ಲಿ ಇಂಥವು ಇನ್ನೆಷ್ಟಿವೆ, ಯಾವುವು?

ಗುಣಮಟ್ಟ ವಿಭಾಗದ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಮ್ಯಾನೇಜರು ಬಂದು, "ಕಾಗದ ಬರೆದುಬಿಡಿ, ಒಂದು ಪೀಸ್ ಹೇಗೋ ಹಾಳಾಗಿದೆ ಅಂತ," ಎಂದರು. ನಾನು ಎರಡು ದಿನದ ಗಡುವು ಕೇಳಿದೆ. ತಮಿಳು ಸೀಮೆಯ ಕಾರಮಡೈ ಹತ್ತಿರ ಮನೆಮಾತು ಕನ್ನಡವಾದ ಮನೆ ನಮ್ಮದು. ನನ್ನ ಅಮ್ಮ ಬಾಳೆತೋಟದ ಕೆಲಸಕ್ಕೆ ಹದಿನೈದು ಹೆಂಗಸರ ಜೊತೆ ಟ್ರೇಲರಿನಲ್ಲಿ ನಿಂತುಕೊಂಡೇ ಹೋಗಿ ಬರುತ್ತಿದ್ದವಳು. ಕೊಕ್ಕೆ ಕಳಚಿದರೆ ಆ ಗಾಡಿ ಏನಾಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಥ ಎರಕಕ್ಕೆ ಕರಗಿದ ಕಬ್ಬಿಣದಲ್ಲಿ ಮೆಗ್ನೀಸಿಯಂ ಸೇರಿಸುತ್ತಾರೆ. ಕಬ್ಬಿಣ ಬಾಗುವ ಗುಣ ಪಡೆಯುವುದು ಅದರಿಂದಲೇ. ಆದರೆ ಅದರ ಶಕ್ತಿ ಬೇಗ ಇಳಿದುಹೋಗುತ್ತದೆ. ನಮ್ಮಲ್ಲಿ ಹತ್ತು ನಿಮಿಷದ ಒಳಗೆ ಅಚ್ಚಿಗೆ ಸುರಿದುಬಿಡಬೇಕೆಂಬ ನಿಯಮ. ತಡವಾದರೆ ಹೊರಗಿನಿಂದ ನೋಡಲು ಎಲ್ಲ ಸರಿಯಾಗೇ ಇರುತ್ತದೆ, ಒಳಗೆ ಮಾತ್ರ ಪೆಡಸು. ಹಾಗಾಗಿ ಪ್ರತಿ ಸಲ ಸುರಿಯಲು ಎಷ್ಟು ನಿಮಿಷ ಹಿಡಿಯಿತು ಎಂದು ಗೊತ್ತಾದರೆ ನನ್ನ ಉತ್ತರ ಸಿಕ್ಕಂತೆಯೇ.

ನಿಮಿಷಗಳನ್ನು ಫೋರ್‌ಮನ್ ಬರೆದಿಟ್ಟಿದ್ದರು. ತೊಂದರೆ ಇದ್ದದ್ದು ಬರೆದ ರೀತಿಯಲ್ಲಿ. ಅರವತ್ತರ ಹತ್ತಿರದ ಮನುಷ್ಯ, ಸ್ಪ್ರೆಡ್‌ಶೀಟಿನಲ್ಲಿ ಎಷ್ಟೇ ಕಾಲಂ ಕೊಟ್ಟರೂ ಎಲ್ಲವನ್ನೂ ಒಂದೇ ಸೆಲ್ಲಿಗೆ ತುಂಬುವವರು. ಇಂಗ್ಲಿಷ್ ಅಕ್ಷರಗಳಲ್ಲಿ ತಮಿಳು ಟೈಪ್ ಮಾಡುವವರು. ಎಷ್ಟು ಕೊಕ್ಕೆ, ಅಚ್ಚಿನ ಯಾವ ಪೆಟ್ಟಿಗೆ, ಅದರ ಮರಳು ಒದ್ದೆಯೋ ಒಣಗಿದೆಯೋ, ಯಾರು ರಜ, ಮಿನಿಟ್ ಎಂಬುದಕ್ಕೆ ಚುಟುಕಾಗಿ "ಮಿನ್" ಎಂದು ಸೇರಿಸಿ ಎಷ್ಟು ನಿಮಿಷ, ಎಲ್ಲವೂ ಒಂದೇ ಸಾಲು. ಅಂಥ ಸಾಲುಗಳು ಸಾವಿರಕ್ಕೂ ಮೇಲೆ ಇದ್ದವು.

"ಇಬ್ಬರನ್ನು ಕೂರಿಸಿ ಕಣ್ಣಲ್ಲೇ ಓದಿಸಿ," ಎಂದರು ಮ್ಯಾನೇಜರು. ಕಣ್ಣು ಇನ್ನೂರನೆಯ ಸಾಲಿಗೆ ಸೋಲುತ್ತದೆಂದು ನನಗೆ ಗೊತ್ತಿತ್ತು. ಸೂತ್ರ ಬರೆದೇ ತೆಗೆಯುತ್ತೇನೆ ಎಂದೆ.

ಮೊದಲನೆಯ ದಿನ ಪೂರ್ತಿ ವ್ಯರ್ಥವಾಯಿತು. ಸಾಲಿನಲ್ಲಿರುವ ಅಂಕಿಗಳನ್ನೆಲ್ಲ ಹೆಕ್ಕುವ ಸೂತ್ರವೊಂದನ್ನು ಹುಡುಕಿ ಹಾಕಿದೆ. ಹೆಕ್ಕಿತು ನಿಜ, ಆದರೆ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿತು. ನಲವತ್ತು ಕೊಕ್ಕೆ, ಇಪ್ಪತ್ತೆರಡನೆಯ ಪೆಟ್ಟಿಗೆ, ಏಳು ನಿಮಿಷ ಸೇರಿ ನಲವತ್ತು ಸಾವಿರದ ಇನ್ನೂರ ಇಪ್ಪತ್ತೇಳು ಎಂಬ ಒಂದೇ ಸಂಖ್ಯೆಯಾಯಿತು. ಅದರಲ್ಲಿ ಯಾವುದು ಎಲ್ಲಿ ಮುಗಿಯಿತು ಎಂದು ಹೇಳುವವರು ಯಾರು?

ಎರಡನೆಯ ದಿನ ಬೇರೆ ದಾರಿ ಹಿಡಿದೆ. ಅಂಕಿಯನ್ನು ಬಿಟ್ಟು "ಮಿನ್" ಎಲ್ಲಿದೆ ಎಂದು ಹುಡುಕುವುದು, ಅಲ್ಲಿಂದ ಎಡಕ್ಕೆ ಬಂದು ಅದರ ಹಿಂದಿನ ಒಂದು ಪದವನ್ನು ಮಾತ್ರ ಕತ್ತರಿಸಿಕೊಳ್ಳುವುದು. ಕೆಲವು ಕಡೆ ಅವರು ನಡುವೆ ಜಾಗ ಬಿಟ್ಟಿರಲಿಲ್ಲ, ಕೆಲವು ಕಡೆ ಎರಡೆರಡು ಬಿಟ್ಟಿದ್ದರು. ಒಂದೊಂದಾಗಿ ಸರಿಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಸೂತ್ರವನ್ನು ಕೆಳಗಿನವರೆಗೂ ಎಳೆದಾಗ ಕಾಲಂ ತುಂಬಾ ಚೊಕ್ಕಟವಾಗಿ ನಿಮಿಷಗಳು ನಿಂತವು. ಏಳು, ಎಂಟು, ಆರು, ಒಂಬತ್ತು. ಹತ್ತು ದಾಟಿದ್ದು ಒಂದೂ ಇರಲಿಲ್ಲ.

ಮ್ಯಾನೇಜರಿಗೆ ಸಂತೋಷವಾಯಿತು. "ನೋಡಿ, ನಮ್ಮ ಕಡೆ ಏನೂ ತಪ್ಪಿಲ್ಲ. ಇದನ್ನೇ ಪ್ರಿಂಟ್ ತೆಗೆದು ಕಳಿಸಿ."

"ಹಾಗಾದ್ರೆ ಇದು ಯಾಕೆ ಮುರೀತು ಸಾರ್?" ಎಂದು ಮೇಜಿನ ಮೇಲಿದ್ದ ತುಂಡನ್ನು ತೋರಿಸಿದೆ.

"ಅದು ನಮ್ಮ ಪ್ರಶ್ನೆ ಅಲ್ಲ."

"ನಾಳೆ ಮಧ್ಯಾಹ್ನದವರೆಗೆ ಕೊಡಿ ಸಾರ್. ಎರಡು ದಿನ ಅಂತ ಕೇಳಿದ್ದೆ, ಮೂರಾಗುತ್ತೆ, ಒಪ್ಕೋತೀನಿ. ಆದ್ರೆ ಇದಕ್ಕೆ ಈಗ ನಾನು ಸಹಿ ಹಾಕೋದಿಲ್ಲ."

ಅವರು ಹೊರಟುಹೋದರು. ಹನ್ನೊಂದು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಫೋರ್‌ಮನ್ನರನ್ನು ಕರೆದು ನನ್ನ ಪಕ್ಕದಲ್ಲಿ ಕೂರಿಸಿಕೊಂಡೆ. ಅವರ ಮನೆಯಲ್ಲೂ ಕನ್ನಡವೇ. ಹಿಂದಿನ ತಲೆಮಾರಿನವರು ನೇಯುತ್ತಿದ್ದರಂತೆ. ನಾವಿಬ್ಬರೇ ಇದ್ದಾಗ ತಮಿಳು ಬೆರೆತ ನಮ್ಮ ಕನ್ನಡದಲ್ಲೇ ಮಾತು.

"ಏನ್ ಅಮ್ಮಿಣಿ, ನಾ ಬರ್ದದ್ರಲ್ಲಿ ತಪ್ಪ್ ಹುಡ್ಕ್ತಾ ಇದ್ದೀಯಂತೆ?" ಎಂದರು. ಮಗಳೇ ಎಂಬಂತೆ ಅಮ್ಮಿಣಿ ಎಂದರೂ ದನಿಯಲ್ಲಿ ನೋವಿತ್ತು.

"ಇಲ್ಲಣ್ಣಾ. ನೀವ್ ಬರ್ದದ್ನ ನಾನ್ ಸರಿಯಾಗಿ ಓದಿದ್ದೀನಾ ಅಂತ ನೋಡ್ಬೇಕು. ನಾನ್ ಸಾಲ್ ತೋರಿಸ್ತೀನಿ, ಎಷ್ಟ್ ನಿಮಿಷ ಅಂತ ನೀವ್ ಹೇಳಿ."

ಅಲ್ಲೊಂದು ಇಲ್ಲೊಂದು ಸಾಲು ತೋರಿಸುತ್ತಾ ಹೋದೆ. ಅವರು ಹೇಳಿದ್ದಕ್ಕೂ ನನ್ನ ಕಾಲಮ್ಮಿಗೂ ತಾಳೆಯಾಗುತ್ತಾ ಬಂತು. ನಲವತ್ತೋ ಐವತ್ತೋ ಸಾಲು ಆಗಿರಬೇಕು. ಒಂದು ಕಡೆ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದ್ಕೆ ನೀ ಎಷ್ಟ್ ಹಾಕಿದ್ದೀಯೆ?"

"ಆರು."

"ಆರಾ? ಅದೆಂಗೆ? ಮಿನ್‌ವೆಟ್ಟು ಅಂತ ಬರ್ದಿದ್ದೀನಲ್ಲ. ಕರೆಂಟ್ ಹೋಗಿ ಕ್ರೇನ್ ನಿಂತೋಗಿತ್ತು. ಕರೆಂಟ್ ಇಲ್ದೆ ಆರ್ ನಿಮಿಷ್ದಲ್ಲಿ ಎಂಗ್ ಸುರಿಯೋದು?"

ನಾನು ಆ ಸೆಲ್ಲನ್ನು ಅಕ್ಷರ ಅಕ್ಷರವಾಗಿ ಓದಿದೆ. ಕೊಕ್ಕೆ ಆರು, ಮಿನ್‌ವೆಟ್ಟು, ಹತ್ತೊಂಬತ್ತು ಮಿನ್. ತಮಿಳಿನಲ್ಲಿ ಕರೆಂಟ್ ಕಡಿತಕ್ಕೆ ಮಿನ್‌ವೆಟ್ಟು ಎನ್ನುತ್ತಾರೆ. ನನ್ನ ಸೂತ್ರ ಸಾಲಿನಲ್ಲಿ ಮೊದಲು ಕಂಡ "ಮಿನ್" ಹಿಡಿದುಕೊಂಡು ಅದರ ಹಿಂದಿನ ಆರನ್ನು ಎತ್ತಿಕೊಂಡಿತ್ತು. ಅದು ಕೊಕ್ಕೆಗಳ ಲೆಕ್ಕ. ಕರಗಿದ ಕಬ್ಬಿಣ ಸುರಿಯಲಾಗದೆ ನಿಲ್ಲುವುದು ಕರೆಂಟ್ ಹೋದಾಗಲೇ. ಆ ಸಾಲುಗಳಲ್ಲೇ ನನ್ನ ಸೂತ್ರ ಸುಳ್ಳು ಹೇಳುತ್ತಿತ್ತು.

"ಅಣ್ಣಾ, ನಿಮಿಷಾನ ಯಾವಾಗ್ಲೂ ಎಲ್ಲಿ ಬರೀತೀರಿ?"

"ಕಡೇಲೇ. ಎಲ್ಲಾ ಬರ್ದಾದ್ ಮೇಲೆ."

ಮೊದಲ ಮಿನ್ ಅಲ್ಲ, ಕಡೆಯ ಮಿನ್ ಹುಡುಕುವಂತೆ ಸೂತ್ರವನ್ನು ತಿದ್ದಿದೆ. ಅದಕ್ಕೆ ಇನ್ನೊಂದು ಗಂಟೆ ಬೇಕಾಯಿತು. ಅವರು ಎದ್ದು ಹೋಗಲಿಲ್ಲ, ಟೀ ಬಂದರೂ ಕುಡಿಯಲಿಲ್ಲ. ಹೊಸ ಉತ್ತರಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದಾಗ ಮೇಲೆ ಎರಡು ಸಾಲು ಬಂದವು. ಇಪ್ಪತ್ತೊಂದು ನಿಮಿಷ, ಎಂಟು ಕೊಕ್ಕೆ. ಹತ್ತೊಂಬತ್ತು ನಿಮಿಷ, ಆರು ಕೊಕ್ಕೆ. ಎರಡೂ ಒಂದೇ ದಿನದ್ದು. ಅದರ ಕೆಳಗೆ ಎಲ್ಲವೂ ಹತ್ತು ಅಥವಾ ಅದಕ್ಕಿಂತ ಕಡಿಮೆ.

ಅವರು ಆ ಎರಡು ಸಾಲುಗಳ ಮೇಲೆ ಬೆರಳಿಟ್ಟರು.

"ನಾನೇ ಸುರ್ಸಿದ್ದು," ಎಂದರು. "ಅಚ್ಚೆಲ್ಲಾ ರೆಡಿ ಇತ್ತು. ಕಬ್ಬಿಣ ಇನ್ನೂ ಬಿಸಿ ಇತ್ತು. ಪರವಾಯಿಲ್ಲ ಅಂದ್ಕೊಂಡೆ. ಕುಲುಮೆಗೆ ವಾಪಸ್ ಹಾಕಿಸ್ಬೇಕಿತ್ತು."

ಆರು ನಿಮಿಷ ಸರಿ ಎಂದು ತಲೆ ಆಡಿಸಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ನನ್ನ ಕಾಲಂ ಅವರ ಪರವಾಗಿಯೇ ಇತ್ತು.

"ಬಾ, ಮೊದಲಾಳಿ ಹತ್ರ ಹೋಗಾಣ," ಎಂದು ಅವರೇ ಎದ್ದರು. ಮಾಲೀಕರ ಕೋಣೆಯಲ್ಲಿ ಮ್ಯಾನೇಜರೂ ಇದ್ದರು. ಫೋರ್‌ಮನ್ ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ನಾನು ಹಾಳೆ ಮುಂದಿಟ್ಟೆ. ಮಾಲೀಕರು ಬೈಯಲಿಲ್ಲ. ಹದಿನಾಲ್ಕರಲ್ಲಿ ಒಂದೂ ಬಿಡದೆ ವಾಪಸು ತರಿಸಿ ಎಂದರು. ಅಂದಿನಿಂದ ಹತ್ತು ನಿಮಿಷ ದಾಟಿದ ಕಬ್ಬಿಣ ಕುಲುಮೆಗೇ ಹೋಗಬೇಕು, ಯಾರನ್ನೂ ಕೇಳಬೇಕಾಗಿಲ್ಲ ಎಂದರು. ಮ್ಯಾನೇಜರು ನನ್ನ ಮುಖ ನೋಡದೆ ಹಾಳೆಯ ಮೇಲೆ ತಾವೇ ಸಹಿ ಹಾಕಿದರು.

ಪೆಟ್ಟಿಗೆಯ ಸಂಖ್ಯೆ ಹಿಡಿದು ರವಾನೆಯ ಚೀಟಿಗಳಲ್ಲಿ ಹದಿನಾಲ್ಕನ್ನೂ ಹುಡುಕಿದೆವು. ಒಂದು ಮುರಿದಿತ್ತು. ಟ್ರೇಲರ್ ಮಾಡುವವರ ಗೋದಾಮಿನಲ್ಲೇ ಹತ್ತು ಸಿಕ್ಕವು. ಮೂರು ಗಾಡಿಗಳಿಗೆ ಸೇರಿ ಮಾರಾಟವಾಗಿದ್ದವು. ಎರಡನ್ನು ಅವರ ಮೆಕ್ಯಾನಿಕ್‌ಗಳು ಬದಲಿಸಿದರು. ಪಲ್ಲಡಂ ಹತ್ತಿರದ ತೋಟದಲ್ಲಿದ್ದ ಕೊನೆಯದಕ್ಕೆ ನಾನೇ ಹೋಗುತ್ತೇನೆಂದು ಫೋರ್‌ಮನ್ ಹಟ ಹಿಡಿದರು. ಜೊತೆಗೆ ನಾನೂ ಹೊರಟೆ.

ತೋಟದೊಡತಿ ಐವತ್ತರ ಹೆಂಗಸು. ಈರುಳ್ಳಿ ಕೀಳಲು ಬಂದ ಹೆಣ್ಣಾಳುಗಳು ಆಗಲೇ ಟ್ರೇಲರ್ ಹತ್ತಿ ಕೂತಿದ್ದರು. ಅವರನ್ನು ಇಳಿಸಬೇಕೆಂದಾಗ ಆಕೆಗೆ ಸಿಟ್ಟು ಬಂತು. "ಚೆನ್ನಾಗೇ ಇದೆಯಲ್ಲ, ಏನಾಗಿದೆ ಇದಕ್ಕೆ?" ಎಂದು ತಮಿಳಿನಲ್ಲಿ ಕೇಳಿದಳು.

ಫೋರ್‌ಮನ್ ಹೆಣ್ಣಾಳುಗಳೆಲ್ಲ ಇಳಿದ ಮೇಲೆ ಕೊಕ್ಕೆ ಬಿಚ್ಚಿ ನೆಲದ ಮೇಲಿಟ್ಟು ಸುತ್ತಿಗೆಯಿಂದ ಒಮ್ಮೆ ತಟ್ಟಿದರು. ಮಂಕು ಸದ್ದು. ನಾವು ತಂದ ಹೊಸದನ್ನು ತಟ್ಟಿದರು. ಅದು ಗಂಟೆಯಂತೆ ಕಣಕಣ ಎಂದಿತು. ಆಕೆ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡು ತಾನೂ ಎರಡನ್ನೂ ತಟ್ಟಿ ನೋಡಿದಳು, ಹೊಸದನ್ನೇ ಕೂರಿಸಿ ಎಂದಳು. ಹೊಸ ಕೊಕ್ಕೆ ಕೂರಿಸುವವರೆಗೆ ಹೆಣ್ಣಾಳುಗಳು ಬೇವಿನ ಮರದ ಕೆಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತರು. ಕೆಲಸ ಮುಗಿದ ಮೇಲೆ ಆಕೆ ಕೊಟ್ಟಿಗೆಯ ಪಕ್ಕ ನಿಂತಿದ್ದ ಇನ್ನೊಂದು ಹಳೆಯ ಟ್ರೇಲರನ್ನು ತೋರಿಸಿ, ಅದನ್ನೂ ತಟ್ಟಿ ನೋಡಿ ಎಂದಳು. ಅದರ ಕೊಕ್ಕೆ ನಮ್ಮದಲ್ಲ. ಆದರೂ ಫೋರ್‌ಮನ್ ಮಂಡಿಯೂರಿ ಕೂತು ತಟ್ಟಿದರು, ಸಡಿಲವಾಗಿದ್ದ ಒಂದು ಬೋಲ್ಟನ್ನು ಬಿಗಿ ಮಾಡಿದರು, ಆಮೇಲೆ ಕೈ ತೊಳೆಯಲು ನೀರು ಕೇಳಿದರು.