ನಿಂಗವ್ವನ ಗೋಡೆಯ ಕೆಂಪು ಬೊಟ್ಟುಗಳು

ನಿಂಗವ್ವ, ನೀನು ಹೇಳಿದ್ದನ್ನು ನಾನು ಆ ಪ್ರೊಫೆಸರಿಗೆ ಹೇಳಲಿಲ್ಲ. ಬೇರೆಯದನ್ನೇ ಹೇಳಿದೆ — ಬೇಕೆಂದೇ.

ಯುದ್ಧದ ವರ್ಷಗಳು. ಮಳವಳ್ಳಿಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದ ನನ್ನನ್ನು ಅಮಲ್ದಾರರು ಕರೆಸಿದರು. ವಿಶ್ವವಿದ್ಯಾಲಯದಲ್ಲಿ ಹೊಸ ಪೀಠವೊಂದು ಹುಟ್ಟಿತ್ತು. ವಿಜ್ಞಾನ, ವೈದ್ಯ, ಜನರ ನಂಬಿಕೆ-ನಡವಳಿಕೆ — ಮೂರನ್ನೂ ಒಂದಾಗಿ ನೋಡುವ ಹುದ್ದೆ. ಅದಕ್ಕೆ ಬಂದವರು ಹೊರನಾಡಿನವರು, ಕನ್ನಡ ಬಾರದು. ಚಳಿಜ್ವರದ ಬಗ್ಗೆ ನಮ್ಮೂರವರು ಹೇಳುವುದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕು. ಮದ್ದೂರಿನಿಂದ ಅವರ ಮೋಟಾರಿನಲ್ಲಿ, ಅವರ ಪಕ್ಕದಲ್ಲೇ ಕೂತು ಊರಿಗೆ ಬಂದೆ. ನಾನು ಬಾಯಿಬಿಟ್ಟರೆ ಅವರು ಬರೆದುಕೊಳ್ಳುತ್ತಿದ್ದರು — ನನ್ನ ಮಾತನ್ನು! ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಅದೇ ನಾಚಿಕೆ.

ನೀನು ಸೂಲಗಿತ್ತಿ. ನೀನು ಹೆರಿಗೆ ಮಾಡಿಸಿದ ಪ್ರತಿ ಮಗುವಿಗೂ ನಿನ್ನ ಗೋಡೆಯ ಮೇಲೊಂದು ಸುಣ್ಣದ ಬೊಟ್ಟು, ಊರಲ್ಲಿ ಆ ಮನೆ ಇರುವ ಜಾಗಕ್ಕೆ ಸರಿಯಾಗಿ. ಜ್ವರಕ್ಕೆ ತೀರಿಹೋದ ಮಗುವಿನ ಬೊಟ್ಟಿಗೆ ಕೆಮ್ಮಣ್ಣು. ಪ್ರೊಫೆಸರು ಅದರ ಮುಂದೆ ನಿಂತೇಬಿಟ್ಟರು. ನೀನು ಬೆರಳಿಟ್ಟು ತೋರಿಸಿದೆ:

“ನೋಡ್ಲಾ, ಕೆಂಪೆಲ್ಲ ಒಂದೇ ಮಗ್ಗುಲು. ಕಾಲ್ವೆ ನೀರು ಬಂತು ಅಂತ ನಿಮ್ಮಪ್ಪ ಊರ ಬೆನ್ನಿಗೇ ಬತ್ತ ನೆಟ್ಟನಲ್ಲ, ಆ ಕೇರಿ. ಗದ್ದೇನ ಆಚೀಗ್ ತಳ್ಸಿ ಅಂತ ಈ ದೊರೆಗೆ ಏಳು. ಅಪ್ಪ ಅಂತ ಮುಚ್ಚಿಕ್ಬ್ಯಾಡ.”

ಅವರು ಹುಡುಕಿಕೊಂಡು ಬಂದದ್ದೇ ಇದು — ನನಗೆ ತಿಳಿಯಿತು. ಆದರೆ ಗದ್ದೆಯ ನೀರಿನ ಸೊಳ್ಳೆಯಿಂದಲೇ ಜ್ವರವೆಂದು ಮಂಡ್ಯದ ಕಡೆ ಊರ ಹತ್ತಿರದ ಗದ್ದೆಗಳನ್ನು ಸರ್ಕಾರ ನಿಲ್ಲಿಸುತ್ತಿದೆಯೆಂದು ಕೇಳಿ ಅಪ್ಪ ಹೆದರಿದ್ದ. ರಾಗಿಮುದ್ದೆಯ ಮನೆ ನಮ್ಮದು. ಅನ್ನ ಕಂಡು ಇನ್ನೂ ಎರಡೇ ಬೆಳೆ...

“ಮಾರಮ್ಮನ ಹರಕೆಯ ಬೊಟ್ಟುಗಳು,” ಎಂದೆ ನಾನು, ಇಂಗ್ಲಿಷಿನಲ್ಲಿ. “ಕೆಂಪು ಎಂದರೆ ಅಮ್ಮನ ಮುನಿಸು.”

ಪ್ರೊಫೆಸರು ಹಿಗ್ಗಿ ಫೋಟೋ ತೆಗೆದರು, ನನ್ನ ಬೆನ್ನು ತಟ್ಟಿದರು. ಆ ಕ್ಷಣ — ನಾನೂ ಹಿಗ್ಗಿದೆ.

ಮೋಟಾರು ಹೋದಮೇಲೆ ನೀನು ಕೇಳಿದೆ, “ಸರ್ಯಾಗಿ ಏಳ್ದೇನ್ಲಾ?”

“ಹೇಳ್ದೆ ಕಣವ್ವ.”

“ಓದಿದ್ದು ಸಾರ್ತಕ ಆಯ್ತು ಬುಡು. ದನ ಕಾಯಕ್ಕೂ ಲಾಯಕ್ಕಿಲ್ಲ ಅನ್ಕಂಡಿದ್ದೆ.”

ಅಂದಿನಿಂದ ನೀನು ಸರ್ಕಾರದವರ ದಾರಿ ಕಾದೆ. ಬಾವಿಯ ಬಳಿ ಸಿಕ್ಕಾಗಲೆಲ್ಲ, “ಯಾವಾಗ್ ಬತ್ತಾರ್ಲಾ ಅವ್ರು?” ಭತ್ತ ಹೊಡೆ ತುಂಬಿತು, ಕೊಯ್ಲಾಯಿತು. ಅಷ್ಟರಲ್ಲಿ ಆ ಕೇರಿಯ ಇನ್ನೂ ನಾಲ್ಕು ಬೊಟ್ಟು ಕೆಂಪಾದವು. ನಾಲ್ಕನೆಯದು ನಿನ್ನ ಮೊಮ್ಮಗಳದು. ಅದಕ್ಕೆ ಕೆಮ್ಮಣ್ಣು ಬಳಿದು, ಕೈ ತೊಳೆಯದೆ ಹಾಗೇ ಕೂತಿದ್ದೆ ನೀನು. ನಾನು ಬಾಗಿಲಲ್ಲಿ ನಿಂತಿದ್ದೆ.

“ದೊರೆ ಮರ್ತ್ಬುಟ್ಟ ಕಣ್ಲಾ,” ಎಂದೆ ನೀನು.

ನಾನು ಹೂಂ ಎಂದೆ.

ಅವರು ಮರೆತಿರಲಿಲ್ಲ, ನಿಂಗವ್ವ. ಅವರಿಗೆ ಗೊತ್ತೇ ಇರಲಿಲ್ಲ.