ಮದುಮಗ ಹೊಡೆದ ಚಕ್ಕಡಿ

ಚಕ್ಕಡಿಯ ಪ್ರಯಾಣ ಬಹಳ ಸಾವಕಾಶ, ಮನಸ್ಸಿಗೆ ನೆಮ್ಮದಿ ಎಂದು ಈಗಿನವರು ಬರೆಯುವುದನ್ನು ಓದಿದಾಗೆಲ್ಲ ನನಗೆ ನಗು ಬರುತ್ತದೆ. ಪಾಪ, ಅವರು ಇಪ್ಪತ್ತರ ಹುಡುಗ ಹೊಡೆಯುವ ಚಕ್ಕಡಿಯಲ್ಲಿ ಕೂತಿಲ್ಲ. ಅದರಲ್ಲೂ ಆ ಹುಡುಗನ ಗೆಳೆಯ ಪಕ್ಕದಲ್ಲೇ ಇನ್ನೊಂದು ಚಕ್ಕಡಿ ಹೊಡೆಯುವಾಗಂತೂ ಕೂತೇ ಇಲ್ಲ. ನಾನು ಕೂತಿದ್ದೆ. ಕೂತಿದ್ದೆ ಎನ್ನುವುದೂ ಪೂರ್ತಿ ಖರೆಯಲ್ಲ. ಅರ್ಧ ಹೊತ್ತು ಗಾಳಿಯಲ್ಲೇ ಇದ್ದೆ.

ಅದು ನನ್ನ ಮದುವೆಯ ಮರುದಿನ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತವರು ಲಕ್ಕುಂಡಿಯಿಂದ ಗಂಡನ ಊರು ಕಳಸಾಪುರಕ್ಕೆ ಹೊರಟಿದ್ದೆವು. ಹಿರಿಯರ ಬಂಡಿಗಳು ತಂಪು ಹೊತ್ತಿನಲ್ಲೇ ಮುಂದೆ ಹೋಗಿದ್ದವು. ಹಿಂದೆ ಉಳಿದದ್ದು ಎರಡೇ ಚಕ್ಕಡಿ. ಒಂದರಲ್ಲಿ ನಾನು, ನನ್ನ ಜೊತೆಗೆಂದು ಕಳಿಸಿದ್ದ ಸೋದರತ್ತೆ ಗಂಗವ್ವ. ಹೊಡೆಯುತ್ತಿದ್ದವರು ಸ್ವತಃ ಮದುಮಗ, ಬಸಪ್ಪ. ಹೋರಿಗಳನ್ನು ಕರುಗಳಾಗಿದ್ದಾಗಿನಿಂದ ಸಾಕಿದವರು ಅವರೇ. ಮದುವೆಯಾದರೇನು, ಹಗ್ಗವನ್ನು ಬೇರೆಯವರ ಕೈಗೆ ಕೊಡಲೊಲ್ಲರು. ಇನ್ನೊಂದರಲ್ಲಿ ಅವರ ಗೆಳೆಯ ಫಕೀರಪ್ಪ, ಮತ್ತು ಒಂದು ಚಕ್ಕಡಿಯಲ್ಲಿ ಹಿಡಿಯಲಾರದಷ್ಟು ಹುಡುಗರು.

ಹೊಸ ಹೆಂಡತಿ ನಾಲ್ಕು ಜನರ ಮುಂದೆ ಗಂಡನೊಡನೆ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಅವರ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಆದರೆ ಊರ ಗಡಿ ದಾಟುವುದರೊಳಗೆ ಅವರ ಬೆನ್ನು, ರುಮಾಲಿನ ಸುತ್ತು, ಬಿಸಿಲಿಗೆ ಕೆಂಪಾದ ಕಿವಿ ಎಲ್ಲ ನನಗೆ ಬಾಯಿಪಾಠವಾಗಿದ್ದವು. ಗಂಡುಮಕ್ಕಳ ಚಕ್ಕಡಿ ಪಂದ್ಯದ ವಿಷಯ ಮಾತ್ರ ಏನೂ ತಿಳಿಯದು. ನಮ್ಮೂರಲ್ಲಿ ಹೆಜ್ಜೆಗೊಂದು ಮೆಟ್ಟಿಲ ಬಾವಿ. ಹುಡುಗಿಯರು ಮೆಟ್ಟಿಲು ಹತ್ತುವಾಗ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತಿದ್ದೆವೇ ಹೊರತು ಇಳಿಯುವಾಗ ಅಲ್ಲ. ಇಳಿಯುವಾಗ ಓಡಿದವಳ ಕೊಡ ಅವಳಿಗಿಂತ ಮೊದಲು ನೀರು ಮುಟ್ಟುತ್ತದೆ. ಗಂಡುಮಕ್ಕಳು ಬಾವಿಯಿಂದ ನೀರು ತರುವುದಿಲ್ಲವಾದ್ದರಿಂದ ಈ ವಿದ್ಯೆ ಅವರಿಗೆ ದಕ್ಕಿಲ್ಲ.

ಹೋರಿಗಳ ಕೋಡಿಗೆ ಮೂರು ಬಣ್ಣದ ರಿಬ್ಬನ್ನು ಕಟ್ಟಿದ್ದರು. ನಮ್ಮ ಪಾಡಿಗೆ ನಾವು ಹೋಗುತ್ತಿದ್ದಾಗ ಫಕೀರಪ್ಪ ತನ್ನ ಚಕ್ಕಡಿಯನ್ನು ಪಕ್ಕಕ್ಕೆ ತಂದ.

“ಏನಲೇ ಬಸ್ಯಾ, ಸ್ವರಾಜ್ಯ ಬಂದೈತಿ, ಇನ್ನೂ ಹಿಂಗ ಮೆಲ್ಲಕ ಹೊಡೀತಿಯಲ್ಲ! ಹೆಂಡ್ತಿ ಬಂದ ಕೂಡ್ಲೆ ಹೋರಿಗೆ ಮುಪ್ಪು ಬಂತೇನ?”

ಹಿಂದಿದ್ದ ಹುಡುಗರು ‘ಹೋ’ ಎಂದು ಕೂಗಿದರು. ಕೆಂಪಗಿದ್ದ ಕಿವಿ ಇನ್ನಷ್ಟು ಕೆಂಪಾಯಿತು. ತೋಳಕ್ಕೆ ಅಂಜದ ಗಂಡು ಗೆಳೆಯರ ಒಂದು ಕೂಗಿಗೆ ಅಂಜುತ್ತಾನೆ ನೋಡಿ. ಬಾರಕೋಲು ಮೇಲೆದ್ದಿತು. ಎರಡು ಚಕ್ಕಡಿಗಳೂ ಧೂಳೆಬ್ಬಿಸಿಕೊಂಡು ಹಾರಿದವು.

“ಅಳ್ಯಾರ, ಮೆಲ್ಲಕ ಹೊಡೀರಿ! ಮೊದಲ ನನ್ನ ಬಾಯಾಗ ಹಲ್ಲು ಕಡಿಮಿ ಅದಾವು!” ಎಂದು ಗಂಗವ್ವ ಒದರಿದಳು. ಗಾಲಿಯ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು?

ಮುಂದೆ ಹಳ್ಳದ ಇಳಿಜಾರು. ಕೆಳಗೆ ಒಂದೇ ಬಂಡಿ ಹಿಡಿಯುವಷ್ಟು ದಾರಿ. ಆಚೆ ದಂಡೆಯಿಂದ ಮೇವಿನ ಬಂಡಿಯೊಂದು ಇಳಿದು ಬರುತ್ತಿತ್ತು. ಒಣಗಿದ ಜೋಳದ ಕಣಕಿಯ ಮೇಲೆ ಒಬ್ಬ ಅಜ್ಜ ತೂಕಡಿಸುತ್ತ ಕೂತಿದ್ದ. ನಾನು ನೋಡಿದೆ. ಬಸಪ್ಪನವರೂ ನೋಡಿದರೆಂಬುದು ಅವರ ಬೆನ್ನು ಬಿಗಿದದ್ದರಿಂದ ತಿಳಿಯಿತು. ಆದರೂ ಹಗ್ಗ ಎಳೆಯಲಿಲ್ಲ. ಪಕ್ಕದಲ್ಲಿ ಫಕೀರಪ್ಪ ಇದ್ದನಲ್ಲ! ನನ್ನ ಸೆರಗು, ನಾಚಿಕೆ, ಪದ್ಧತಿ ಎಲ್ಲ ಒಟ್ಟಿಗೇ ಜಾರಿದವು. ಆ ಕೆಂಪು ಕಿವಿಗೆ ಬಾಯಿಟ್ಟು ಕೂಗಿದೆ:

“ಹೋರಿ ನಿಂದರಸ್ರಿ! ನನಗ ಅಂಜಿಕಿ ಬರಾಕತ್ತೈತಿ!”

ಗಂಡನೊಡನೆ ನಾನಾಡಿದ ಮೊದಲ ಮಾತು ಅದು.

ಅವರು ಕಾಲು ಊರಿ, ಹಿಂದಕ್ಕೆ ವಾಲಿ, ಹಗ್ಗ ಜಗ್ಗಿದರು. ಹೋರಿಗಳು ಇಳಿಜಾರಿನ ಮೇಲ್ತುದಿಯಲ್ಲಿ ಉಸಿರು ಬಿಡುತ್ತ ನಿಂತವು. “ಗೆದ್ವಿ!” ಎಂದು ಕೂಗುತ್ತ ಹುಡುಗರ ಚಕ್ಕಡಿ ಕೆಳಗೆ ನುಗ್ಗಿತು. ಮೇವಿನ ಬಂಡಿಗೆ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಫಕೀರಪ್ಪ ಹೋರಿಗಳನ್ನು ಹಳ್ಳದ ಉಸುಕಿಗೆ ತಿರುಗಿಸಿದ. ಗಾಲಿ ಕಳಚದಂತೆ ಅಚ್ಚಿಗೆ ಹಾಕಿದ್ದ ಕಡಾಣಿ ಮುರಿಯಿತು. ಗಾಲಿ ಒಂದು ಕಡೆ, ಹುಡುಗರು ಒಂದು ಕಡೆ. ದೇವರು ದೊಡ್ಡವನು, ಉಸುಕು ಮೆತ್ತಗಿತ್ತು. ತರಚಿದ ಮೊಣಕೈ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನೊಗ ಕಳಚಿಕೊಂಡ ಹೋರಿಗಳು ಹಳ್ಳದ ಗುಂಡಿಯಲ್ಲಿ ಬಾಯಿಟ್ಟು ನೀರು ಕುಡಿಯತೊಡಗಿದವು. ಅವುಗಳಿಗೆ ಬೇಕಾಗಿದ್ದುದೇ ಅದು.

ಅಜ್ಜ ಎಚ್ಚರಾಗಿ ಕೆಳಗೆ ನೋಡಿದ. “ಏನ್ರಪಾ, ಪಂದ್ಯ ನಡಸೀರೇನ? ಯಾರು ಗೆದ್ರಿ?”

ಫಕೀರಪ್ಪ ಬಾಯಲ್ಲಿನ ಉಸುಕು ಉಗುಳಿ, “ನಮ್ಮ ವೈನಿ ಗೆದ್ದಾರ ಯಜ್ಜಾ,” ಎಂದು ಮೇಲಿದ್ದ ನನ್ನ ಕಡೆ ಕೈ ಮಾಡಿದ.

ಮೇವಿನ ಬಂಡಿ ದಾಟಿದ ಮೇಲೆ ಬಸಪ್ಪನವರು ನಮ್ಮ ಚಕ್ಕಡಿಯನ್ನು ಸಾವಕಾಶ ಹಳ್ಳಕ್ಕೆ ತಂದು ನಿಲ್ಲಿಸಿ, ಇಳಿದು ಗಾಲಿಗೆ ಕೈ ಹಚ್ಚಿದರು. ಆಗ ಫಕೀರಪ್ಪ ಮೆಲ್ಲಗೆ ಹೇಳಿದ್ದು ಚಕ್ಕಡಿಯಲ್ಲಿದ್ದ ನಮಗೂ ಕೇಳಿಸಿತು: “ಮ್ಯಾಲಿಂದನ ನಿನ್ನ ಮಾರಿ ನೋಡಾಕತ್ತಿದ್ನಿ. ನೀ ನಿಂದರಸಿದ್ರ ನಾನೂ ನಿಂದರಸೋನು ಅಂತ. ನೀ ನಿಂದರಸೂದ್ರಾಗ ನನ್ನ ಹೋರಿ ಇಳಿಜಾರ ಹಿಡದಿದ್ವು.”

“ಖರೇನ? ನಾನೂ ನಿನ್ನ ಮಾರಿನ ನೋಡಾಕತ್ತಿದ್ನೆಲೇ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಆಶ್ಚರ್ಯ. ಇಬ್ಬರಿಗೂ ಅಂಜಿಕೆ, ಇಬ್ಬರಿಗೂ ನಿಲ್ಲುವ ಆಸೆ. ಮತ್ತೊಬ್ಬ ಮೊದಲು ನಿಲ್ಲಲಿ ಎಂದು ಇಬ್ಬರೂ ಬಾರಕೋಲು ಬೀಸುತ್ತಿದ್ದರು! ಈಗ ಮೋಟಾರ್ ಸೈಕಲ್ಲಿನ ಮೇಲೆ ಜೋಡಿಯಾಗಿ ಹಾರುವ ಹುಡುಗರನ್ನು ಕಂಡಾಗಲೂ ನನಗೆ ಅನ್ನಿಸುವುದು ಇದೇ: ಅವರಲ್ಲಿ ಯಾರಾದರೊಬ್ಬ ‘ನನಗ ಅಂಜಿಕಿ ಬರಾಕತ್ತೈತಿ’ ಎಂದರೆ ಉಳಿದವರೆಲ್ಲ ಅವನಿಗೆ ಮನಸ್ಸಿನಲ್ಲೇ ಕೈ ಮುಗಿದಾರು.

ಜಾಲಿಯ ಗೂಟ ಕೆತ್ತಿ ಗಾಲಿಗೆ ಸಿಕ್ಕಿಸಿ, ಹುಡುಗರು ನಡೆಯುತ್ತ, ನಾವು ತೂಗುತ್ತ ಕಳಸಾಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತರು: ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು. ಗಂಗವ್ವ ಒಂದು ಒಡಪು ಕಲಿಸಿದ್ದಳು, ಮಲ್ಲಿಗೆ ಹೂವಿನದು. ಅದು ಹಾದಿಯಲ್ಲೇ ಎಲ್ಲೋ ಉದುರಿಹೋಗಿತ್ತು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಹೇಳಿದೆ:

“ಓಡಸಾಕ ಬಾರಕೋಲ ಸಾಕ, ನಿಂದರಸಾಕ ಬೇಕ ಎದಿ,
ಬಸಪ್ಪರಾಯರ ಹೆಸರ ಹೇಳತೀನಿ, ಬಿಡ್ರೆವ್ವ ನನಗ ಹಾದಿ.”

ಹೆಂಗಸರು ನಕ್ಕು ಹಾದಿ ಬಿಟ್ಟರು. ಅತ್ತೆ ಮಾತ್ರ ಮಗನ ಕಡೆ ತಿರುಗಿ, “ಇದ್ಯಾವ ಊರಿನ ಒಡಪೋ ಬಸಣ್ಣಾ? ಕೇಳೇ ಇಲ್ಲಲ್ಲ!” ಎಂದರು.

ಅವರು ನೆಲ ನೋಡುತ್ತ ಉತ್ತರ ಕೊಟ್ಟರು: “ಹೊಸಾದ ಐತೆವ್ವಾ. ಇವತ್ತ ಹುಟ್ಟೈತಿ.”